ವೀಳ್ಯ ಕೊಟ್ಟ ಮೇಲೆ ಕೇಳಿದ ಪ್ರಶ್ನೆ

ಮೊನ್ನೆ ಶನಿವಾರ ಲಂಡನ್ನಿನ ಸ್ಟ್ಯಾನ್ಮೋರಿನಲ್ಲಿ ಗೆಳತಿ ಶೈಲಾ ಬಾಗಿಲು ತೆಗೆದ ಕೂಡಲೇ ಗೋಡೆಗೆ ಬಳಿದ ಹಸಿ ಗಿಲಾವಿನ ವಾಸನೆ ಬಂತು. ಸುಣ್ಣವೂ ಅಲ್ಲದ, ಮಣ್ಣೂ ಅಲ್ಲದ, ತಣ್ಣಗಿನ ಒಂದು ವಾಸನೆ. ಧಾರವಾಡದ ಕಾನ್ವೆಂಟಿನಲ್ಲಿ ಒದ್ದೆ ಬಟ್ಟೆಯಿಂದ ಕರಿಹಲಗೆ ಒರೆಸಿದಾಗ ಸೀಮೆಸುಣ್ಣ ಇಂಥದೇ ಉಸಿರು ಬಿಡುತ್ತಿತ್ತು. ಆದರೆ ಮೊನ್ನೆ ನೆನಪಾದದ್ದು ಶಾಲೆ ಅಲ್ಲ. ಚಪ್ಪಲಿ ಬಿಡುತ್ತಾ ಬಗ್ಗಿದವಳು ಹಾಗೇ ಒಂದು ಗಳಿಗೆ ನಿಂತುಬಿಟ್ಟೆ. ಎಜ್‌ವೇರಿನ ನಮ್ಮ ಮನೆಯ ಗೋಡೆ ಕೆಡವಿದ ಆ ವರ್ಷ ಇಡಿಯಾಗಿ ಮೂಗಿನೊಳಗೆ ಬಂದು ಕೂತಿತು.

ನಮ್ಮದು ಜೋಡಿ ಮನೆ. ಎಡಕ್ಕೆ ನಾವು, ಬಲಕ್ಕೆ ಮಿಸೆಸ್ ಲೆವಿ. ಹಿಂದುಗಡೆ ಒಂದು ಊಟದ ಕೋಣೆ, ಅದರ ಪಕ್ಕಕ್ಕೆ ರೈಲಿನ ಬೋಗಿಯಷ್ಟು ಸಪೂರವಾದ ಅಡುಗೆಮನೆ, ಎರಡರ ನಡುವೆ ಒಂದು ಗೋಡೆ. ಒಲೆ ಆ ಗೋಡೆಗೇ ಅಂಟಿಕೊಂಡಿತ್ತು. ಇಷ್ಟು ವರ್ಷ ನಾನು ಆ ಗೋಡೆಯನ್ನು ನೋಡುತ್ತಾ ಅಡುಗೆ ಮಾಡಿದೆ. ಆಚೆ ಕಡೆ ನಮ್ಮ ಮಂದಿ ಕೂತು ನಗುವುದು ಕೇಳುತ್ತಿತ್ತು, ಯಾಕೆ ನಕ್ಕರು ಅನ್ನುವುದು ಮಾತ್ರ ತಿಳಿಯುತ್ತಿರಲಿಲ್ಲ. ಸೌಟು ಹಿಡಿದು ಹೋಗಿ, "ಏನಾತು?" ಅಂತ ಕೇಳಿದರೆ ಯಾರೋ ಮತ್ತೊಮ್ಮೆ ಹೇಳುತ್ತಿದ್ದರು. ಎರಡನೇ ಸಲ ಹೇಳಿದ ನಗೆಮಾತು ಆರಿದ ರೊಟ್ಟಿಯ ಹಾಗೆ. ಹೊಟ್ಟೆ ತುಂಬುತ್ತದೆ, ರುಚಿ ಇರುವುದಿಲ್ಲ.

ಆ ಗೋಡೆ ಹೋಗಬೇಕು ಅಂತ ನಾನು ಬಾಯಿಬಿಟ್ಟು ಹೇಳಿದ್ದು ಆ ವರ್ಷದ ಯುಗಾದಿಯ ದಿನ. ನಮ್ಮನೆಯವರು ಬೇವುಬೆಲ್ಲದ ಬಟ್ಟಲು ಹಿಡಿದುಕೊಂಡು ಗೋಡೆಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದರು. ಅವರು ಮೈಸೂರಿನವರು, ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಮೊದಲು ಅರಿವಳಿಕೆ ಕೊಡುವ ಡಾಕ್ಟರು. ದಿನವಿಡೀ ಜನರನ್ನು ಮಲಗಿಸಿ ಎಬ್ಬಿಸುವ ಕೆಲಸವಾದ್ದರಿಂದಲೋ ಏನೋ, ಮನೆಯಲ್ಲಿ ಮಾತು ಕಡಿಮೆ. "ಸರಿ ಕಣೇ, ಕೆಡವಿಸೋಣ" ಅಂದರು. ಮಗಳು ಮೇಧಾ ಫೋನಿನಿಂದ ಕಣ್ಣು ಎತ್ತದೆ, "ಫೈನಲೀ!" ಅಂದಳು. ಅವಳಿಗೆ ಆಗ ಹದಿನಾರು, ನಮ್ಮ ಎಸ್ಸೆಸ್ಸೆಲ್ಸಿಯಂಥ ಜಿಸಿಎಸ್‌ಇ ಪರೀಕ್ಷೆಯ ವರ್ಷ. ಕೆಲಸ ಶುರುವಾಗುವುದಾದರೆ ಅವಳ ಪರೀಕ್ಷೆ ಮುಗಿದ ಮೇಲೆ ಅಂತಾಯಿತು.

ಯಾರಿಂದ ಮಾಡಿಸುವುದು ಅನ್ನುವ ಪ್ರಶ್ನೆಯೇ ಏಳಲಿಲ್ಲ. ಶೈಲಾಳ ಮೈದುನ ಗಿರೀಶ ಇದ್ದನಲ್ಲ!

ಶೈಲಾ ಬೆಳಗಾವಿಯವಳು. ಈ ದೇಶಕ್ಕೆ ಬಂದ ಮೊದಲ ಚಳಿಗಾಲದಲ್ಲಿ ನನಗೆ ಸಿಕ್ಕ ಗೆಳತಿ. ತಿಂಗಳಿಗೊಮ್ಮೆ ಇಬ್ಬರೂ ಅವಳ ಕಾರಿನಲ್ಲಿ ಸೌತ್‌ಹಾಲಿಗೆ ಹೋಗಿ ಜೋಳದ ಹಿಟ್ಟು, ಹೀರೇಕಾಯಿ, ಮೆಂತ್ಯ ಸೊಪ್ಪು ತರುತ್ತಿದ್ದೆವು. ದಾರಿಯುದ್ದಕ್ಕೂ ಅವಳ ಮಾತು, ನನ್ನ ಹೂಂ. ಅವಳ ಮೈದುನ ಊರಲ್ಲಿ ಸಿವಿಲ್ ಡಿಪ್ಲೊಮಾ ಮಾಡಿದವನು. ಹೆಂಡತಿಗೆ ಇಲ್ಲಿ ನರ್ಸ್ ಕೆಲಸ ಸಿಕ್ಕಿ ಜೊತೆಗೆ ಬಂದು, ಬೇರೆಯವರ ಕೈಕೆಳಗೆ ಕೆಲವು ವರ್ಷ ಕಟ್ಟಡದ ಕೆಲಸ ಮಾಡಿ, ಆಗಷ್ಟೇ ಸ್ವಂತ ಶುರು ಮಾಡುವ ಯೋಚನೆಯಲ್ಲಿದ್ದ. ಲಂಡನ್ನಿನಲ್ಲಿ ಕನ್ನಡ ಮಾತಾಡುವ ಡಾಕ್ಟರು ಬೇಕಾದಷ್ಟು ಮಂದಿ ಸಿಗುತ್ತಾರೆ. ಕನ್ನಡ ಮಾತಾಡುವ ಬಿಲ್ಡರ್ ಸಿಕ್ಕರೆ ಯಾರು ಬಿಡುತ್ತಾರೆ?

ಗಿರೀಶ ಬಂದು ಗೋಡೆಗೆ ಬೆರಳಿನ ಗೆಣ್ಣಿನಿಂದ ಟಕಟಕ ಬಡಿದ. ಕಿವಿ ಇಟ್ಟು ಕೇಳಿದ. "ಅಕ್ಕಾರ, ಎರಡ ವಾರದ ಕೆಲಸ ಇದು. ನೀವೇನ ಕಾಳಜಿ ಮಾಡಬ್ಯಾಡ್ರಿ. ನಮ್ಮ ಮನೀ ಕೆಲಸ ಅಂದ ಮ್ಯಾಗ ಕೈ ಹಿಡದ ಮಾಡತೀನಿ ನಾ" ಅಂದ. ಇದು ಅವನ ಮೊದಲ ಸ್ವಂತ ಕೆಲಸ. ಹೇಳುವಾಗ ಅವನ ಕಣ್ಣು ಹೊಳೆದದ್ದನ್ನು ನಾನು ನೋಡಿದ್ದೆ.

ಅಕ್ಷಯ ತದಿಗೆಯ ದಿನ ಒಳ್ಳೆಯದು, ಅವತ್ತೇ ಪೂಜೆ ಮಾಡಿಬಿಡೋಣ, ಕೆಲಸ ಯಾವಾಗಾದರೂ ಶುರುವಾಗಲಿ ಅಂತ ಶೈಲಾಳೇ ಹೇಳಿದಳು. ನಮ್ಮ ಪುರೋಹಿತರು ಫೋನಿನಲ್ಲಿ, "ಪೂರ್ವದ ತುದಿಗೆ ಕುಂಕುಮ ಹಚ್ಚಿ ಸಾಕು" ಅಂದರು. ತೋಟದ ಕಡೆ ಇರುವ ತುದಿ ಪೂರ್ವ. ಅಲ್ಲಿ ಎದೆಮಟ್ಟಕ್ಕೆ ಅರಿಶಿನ ಬಳಿದು ಕುಂಕುಮ ಇಟ್ಟೆ. ಗಿರೀಶನ ಸುತ್ತಿಗೆಗೂ ಇಟ್ಟೆ. ಅವನು ತೋಟದ ಬಾಗಿಲಲ್ಲಿ ಬೂಟು ಬಿಚ್ಚಿ ಬರಿಗಾಲಲ್ಲಿ ನಿಂತಿದ್ದ. ಎಲೆ, ಅಡಿಕೆ, ಜುಟ್ಟಿನ ತೆಂಗಿನಕಾಯಿ ಇಟ್ಟ ತಟ್ಟೆಯನ್ನು ನಾವು ಗಂಡ ಹೆಂಡತಿ ಇಬ್ಬರೂ ಹಿಡಿದು ಕೊಟ್ಟೆವು. ಅವನು ಬಗ್ಗಿ ತೆಗೆದುಕೊಂಡ. ಶೈಲಾ ಫೋಟೋ ತೆಗೆದಳು.

ನಮ್ಮಲ್ಲಿ ವೀಳ್ಯ ಕೊಟ್ಟರೆ ಮುಗಿಯಿತು. ಮದುವೆಗಾಗಲಿ, ಅಡುಗೆಯವರಿಗಾಗಲಿ, ಅದರ ಮೇಲೆ ಮಾತಿಲ್ಲ. ವಿಚಾರಿಸುವುದೆಲ್ಲ ವೀಳ್ಯಕ್ಕೆ ಮೊದಲೇ ಆಗಿರಬೇಕು. ನಾವು ವೀಳ್ಯ ಮೊದಲು ಕೊಟ್ಟೆವು.

ಆ ಬೇಸಿಗೆ ಮಳೆ ಬರಲೇ ಇಲ್ಲ. ಹಿತ್ತಲ ಹುಲ್ಲು ಜೋಳದ ದಂಟಿನ ಬಣ್ಣಕ್ಕೆ ತಿರುಗಿತು. ಎಜ್‌ವೇರಿನ ಮಣ್ಣು ನಮ್ಮ ಧಾರವಾಡದ ಎರೆಮಣ್ಣಿನ ಹಾಗೆ, ಒಣಗಿದರೆ ಬಿರಿಯುತ್ತದೆ. ಒಂದು ಮಧ್ಯಾಹ್ನ ಟೊಮ್ಯಾಟೊ ಗಿಡಕ್ಕೆ ನೀರು ಹಾಕುತ್ತಿದ್ದಾಗ ಬೇಲಿಯ ಆಚೆಯಿಂದ ಮಿಸೆಸ್ ಲೆವಿ ಕರೆದರು. ಅವರಿಗೆ ಎಂಬತ್ತರ ಹತ್ತಿರ. ಬೆಳಿಗ್ಗೆಯೇ ಮುತ್ತಿನ ಸರ ಹಾಕಿಕೊಂಡು ತೋಟಕ್ಕೆ ಇಳಿಯುವವರು. ಗೋಡೆ ತೆಗೆಸುತ್ತಿದ್ದೇವೆ, ಸದ್ದಾಗಬಹುದು, ಕ್ಷಮಿಸಿ ಅಂತ ನಾನು ಮೊದಲೇ ಹೇಳಿದ್ದೆ.

"ಸದ್ದು ಇರಲಿ ಮೈ ಡಿಯರ್, ನನಗೆ ಕಿವಿ ಅರ್ಧ ಕೇಳೋದಿಲ್ಲ. ಕೌನ್ಸಿಲ್‌ಗೆ ಯಾರು ಹೇಳಿದ್ದಾರೆ?" ಅಂದರು. ಕೌನ್ಸಿಲ್ ಅಂದರೆ ಇಲ್ಲಿಯ ನಗರಸಭೆ.

"ಬಿಲ್ಡರ್ ನೋಡ್ಕೋತಾರೆ ಅನಿಸುತ್ತೆ."

"ಅನಿಸುತ್ತೆ?" ಅವರು ಕನ್ನಡಕದ ಮೇಲಿನಿಂದ ನೋಡಿದರು. "ನನ್ನ ಗಂಡ ಒಂದು ಮಾತು ಹೇಳ್ತಿದ್ರು. ಈ ದೇಶದಲ್ಲಿ ಮನೆಯಲ್ಲಿ ಕೂತು ಟಿವಿ ನೋಡೋಕೆ ಲೈಸೆನ್ಸ್ ಬೇಕು. ಆ ಮನೆಯ ಗೋಡೆ ಒಡೆಯೋಕೆ ಬೇಡ. ನಾಳೆ ಬೆಳಿಗ್ಗೆ ನಾನೇ ಒಂದು ವ್ಯಾನ್ ತಗೊಂಡು 'ಬಿಲ್ಡರ್' ಅಂತ ಬರೆಸಿಕೊಳ್ಳಬಹುದು. ಯಾರೂ ಕೇಳೋದಿಲ್ಲ. ಅದಕ್ಕೇ ನೀನು ಕೇಳಬೇಕು." ಒಂದು ಹೆಜ್ಜೆ ಹೋದವರು ತಿರುಗಿದರು. "ಆ ಗೋಡೆಯ ಮೇಲೆ ಏನಿದೆ, ನೋಡಿದೀಯಾ?"

ನೋಡಿರಲಿಲ್ಲ. ಮಹಡಿ ಹತ್ತಿ ಹೋಗಿ ನೋಡಿದೆ. ಮೇಧಾ ಪರೀಕ್ಷೆಗೆ ಹೋಗಿದ್ದಳು. ಅವಳ ಕೋಣೆಯಲ್ಲಿ ಹಾಸಿಗೆಯ ತಲೆಯ ಕಡೆ ಒಂದು ಗೋಡೆ. ಅದರ ಮೇಲೆ ಅವಳ ಪುಸ್ತಕದ ಗೂಡು, ಗೆಳತಿಯರ ಫೋಟೋಗಳು, ದಾರದಲ್ಲಿ ಪೋಣಿಸಿದ ಸಣ್ಣ ದೀಪಗಳು. ಬೆರಳಿನ ಗೆಣ್ಣಿನಿಂದ ಬಡಿದೆ. ಟೊಳ್ಳು ಸದ್ದಿಲ್ಲ, ಗಟ್ಟಿ ಇಟ್ಟಿಗೆ. ಕೆಳಗೆ ಹೋಗಿ ನನ್ನ ಗೋಡೆ ನೋಡಿದೆ, ಮತ್ತೆ ಮೇಲೆ ಬಂದೆ. ನನ್ನ ಗೋಡೆ ಇವಳ ಗೋಡೆಯ ಕಾಲು. ಅಷ್ಟು ವರ್ಷ ಆ ಮೆಟ್ಟಿಲು ಹತ್ತಿ ಇಳಿದಿದ್ದೇನೆ, ಒಂದು ದಿನವೂ ಹಾಗೆ ನೋಡಿರಲಿಲ್ಲ. ಅವಳ ತಲೆದಿಂಬನ್ನು ಸುಮ್ಮನೆ ಸರಿಮಾಡಿ ಕೂತೆ.

ಸಂಜೆ ಇವರಿಗೆ ಹೇಳಿದೆ. ಇವರು ಮುಖ ಸಣ್ಣದು ಮಾಡಿದರು. "ಗಿರೀಶ ಬೇರೆಯವನಲ್ಲ ಕಣೇ. ನಮ್ಮೋರ ಹತ್ರ ನಿನ್ನ ಇನ್ಶೂರೆನ್ಸ್ ತೋರ್ಸು, ಪರ್ಮಿಷನ್ ತೋರ್ಸು ಅಂತ ಕೇಳೋಕಾಗುತ್ತಾ? ಶೈಲಾ ಏನಂದ್ಕೋತಾರೆ? ವೀಳ್ಯ ಬೇರೆ ಕೊಟ್ಟಾಗಿದೆ."

ನಾನು ಜಗಳ ಮಾಡುವವಳಲ್ಲ. ಶಾಲೆಯಲ್ಲಿ ಸಿಸ್ಟರ್ ಬೆನೆಡಿಕ್ಟಾ ನಮಗೆ ಕಲಿಸಿದ್ದೇ ಹಾಗೆ. ಧ್ವನಿ ಏರಿಸಿದವಳು ಅರ್ಧ ಸೋತಳು ಅನ್ನುತ್ತಿದ್ದರು. ಚಪಾತಿ ಲಟ್ಟಿಸುತ್ತಾ ಮೆಲ್ಲಗೆ ಕೇಳಿದೆ. "ನನ್ನ ಪಿತ್ತಕೋಶದ ಆಪರೇಷನ್ ದಿನ ನೆನಪದ ಏನು ನಿಮಗ?"

ಅದು ಎರಡು ವರ್ಷ ಹಿಂದಿನ ಮಾತು. ಇವರದೇ ಆಸ್ಪತ್ರೆ. ಅರಿವಳಿಕೆ ಕೊಡಲು ಬಂದವರು ಇವರ ಬೆಂಗಳೂರಿನ ಸ್ನೇಹಿತರು. ಹಿಂದಿನ ಭಾನುವಾರವಷ್ಟೇ ನಮ್ಮ ಮನೆಯಲ್ಲಿ ಹೋಳಿಗೆ ತಿಂದು, ಇನ್ನೊಂದು ಬಡಿಸಿಕೊಂಡವರು. ಹಾಸಿಗೆಯ ಪಕ್ಕ ನಿಂತು, "ನಿಮ್ಮ ಹೆಸರು ಹೇಳಿ. ಹುಟ್ಟಿದ ದಿನ ಹೇಳಿ. ಇವತ್ತು ಯಾವ ಆಪರೇಷನ್ ಅಂತ ನೀವೇ ಹೇಳಿ" ಅಂದರು. ನನಗೆ ಆ ಹೆದರಿಕೆಯಲ್ಲೂ ನಗು ಬಂತು. "ನಮ್ಮ ಹೋಳಿಗೆ ಅಷ್ಟು ಬೇಗ ಮರೆತು ಹೋಯಿತಾ?" ಅಂದೆ. ಅವರು ನಗುತ್ತಲೇ, "ಮರೆತಿಲ್ಲ, ಅದಕ್ಕೇ ಕೇಳ್ತಿದೀನಿ" ಅಂದಿದ್ದರು.

"ನೀವೂ ದಿನಾ ಹಂಗ ಕೇಳ್ತೀರಲ್ಲ" ಅಂದೆ. "ಪರಿಚಯದವರು ಬಂದರ ಬಿಡ್ತೀರೇನು?"

ಇವರು ಎದ್ದು ಹೋಗಿ ನಾನು ಆಗಲೇ ನೀರು ಹಾಕಿದ್ದ ಟೊಮ್ಯಾಟೊ ಗಿಡಗಳಿಗೆ ಮತ್ತೆ ನೀರು ಹಾಕಿದರು. ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಹೊರಟವರು ಬಾಗಿಲಲ್ಲಿ ನಿಂತು, "ನೀನೇ ಮಾತಾಡು ಗಿರೀಶನ ಹತ್ರ. ನನ್ನ ಕೈಲಿ ಆಗಲ್ಲ" ಅಂದರು.

ಗೋಡೆಯೂ ಬೇಕು, ಗೆಳತಿಯೂ ಬೇಕು, ಮೇಲೆ ಮಲಗುವ ಮಗಳಂತೂ ಬೇಕೇ ಬೇಕು. ಮೂರನ್ನೂ ಉಳಿಸಿಕೊಳ್ಳುವ ಮಾತು ಯಾವುದು ಅಂತ ನಾನು ಒಂದು ವಾರ ಪಾತ್ರೆ ತೊಳೆಯುತ್ತಾ ಹುಡುಕಿದೆ.

ಗಿರೀಶ ಬಂದ. ಚುರುಮುರಿ, ಚಹಾ ಕೊಟ್ಟೆ. ಅವನು ಇನ್ನೂ ಮೊದಲ ಗುಟುಕು ಕುಡಿದಿರಲಿಲ್ಲ.

"ಗಿರೀಶ, ಒಂದು ಮಾತು ಕೇಳಲೇನಪಾ?"

"ಹತ್ತ ಕೇಳ್ರಿ ಅಕ್ಕಾರ."

"ಕೌನ್ಸಿಲ್‌ಗೆ ತಿಳಿಸೀಯೇನು?"

ಅವನು ನಕ್ಕ. "ಒಳಗಿನ ಗೋಡಿ ತಗದದ್ದು ಕೌನ್ಸಿಲ್‌ಗೆ ಹ್ಯಾಂಗ ಗೊತ್ತಾಗ್ತದ್ರಿ? ಹೊರಗಿಂದ ಕಾಣೂದಿಲ್ಲ."

"ತಗದದ್ದು ಕಾಣೂದಿಲ್ಲ ಖರೆ. ಬಿದ್ದದ್ದು ಕಾಣತದಲ್ಲ."

"ಬೀಳೂದಿಲ್ರಿ! ಒಂದು ಸಣ್ಣ ಕಬ್ಬಿಣದ ತೊಲಿ ಕೊಡತೀನಿ."

"ಎಷ್ಟು ಸಣ್ಣದು ಅಂತ ಯಾರು ಲೆಕ್ಕ ಹಾಕ್ಯಾರ? ಇಂಜಿನಿಯರ್?"

"ನಾನ ಇಂಜಿನಿಯರ್ ಅಲ್ಲೇನ್ರಿ ಅಕ್ಕಾರ?" ಅಂದ. ಈ ಸಲ ನಗಲಿಲ್ಲ.

ಇನ್ಶೂರೆನ್ಸ್ ಇದೆಯಾ ಅಂದೆ. ಮುಂದಿನ ವರ್ಷ ಮಾಡಿಸಬೇಕು ಅಂತಿದ್ದೀನಿ ಅಂದ. ವೈರಿಂಗ್ ಯಾರು ಮಾಡುತ್ತಾರೆ, ಗ್ಯಾಸಿನ ಪೈಪು ಯಾರು ತೆಗೆಯುತ್ತಾರೆ, ಅವರು ರಿಜಿಸ್ಟರ್ ಆದವರಾ ಅಂದೆ. ಎಲ್ಲಾ ನಾನ ನೋಡ್ಕೋತೀನಿ ಅಂದ. ಪ್ರತಿ ಪ್ರಶ್ನೆಗೂ ಅವನ ಭುಜ ಸ್ವಲ್ಪ ಸ್ವಲ್ಪ ಕೆಳಗಿಳಿಯುವುದು ಕಾಣುತ್ತಿತ್ತು. ನನಗೆ ನಿಲ್ಲಿಸಿಬಿಡೋಣ ಅನಿಸಿತು.

"ಕೆಲಸ ನೀನ ಮಾಡು ಗಿರೀಶ. ಇದೆಲ್ಲಾ ಮಾಡಿಸಿಕೊಂಡು ಬಾ. ನಾವು ಕಾಯ್ತೀವಿ, ಮುಂದಿನ ವರ್ಷ ಆದರೂ ಅಡ್ಡಿಯಿಲ್ಲ."

"ಬ್ಯಾರೆಯವರನ್ನ ಹಿಂಗ ಕೇಳ್ತಿದ್ರೇನ್ರಿ ಅಕ್ಕಾರ?"

"ಬ್ಯಾರೆಯವರನ್ನ ಮೊದಲನೇ ದಿನಾನ ಕೇಳ್ತಿದ್ದೆ. ನಮ್ಮವರನ್ನ ಕೇಳಲಿಕ್ಕೆ ಇಷ್ಟು ದಿನ ಹಿಡೀತು."

ಅವನು ಎದ್ದ. ಕಪ್ಪನ್ನು ತಾನೇ ಒಯ್ದು ಸಿಂಕಿನಲ್ಲಿ ಇಟ್ಟ. ಚಹಾ ಹಾಗೇ ಇತ್ತು. ಹೋಗುವಾಗ ಗೋಡೆಯ ಕಡೆ ಒಮ್ಮೆ ನೋಡಿದ. ಕುಂಕುಮ ಅಲ್ಲೇ ಇತ್ತು.

ಮೂರನೇ ದಿನವೋ ನಾಲ್ಕನೇ ದಿನವೋ ಶೈಲಾ ಬಂದಳು. ಒಳಗೆ ಬರಲಿಲ್ಲ. ಕಾರಿನ ಇಂಜಿನ್ ಆರಿಸಿರಲಿಲ್ಲ. ಕೈಯಲ್ಲಿ ಒಂದು ಬಟ್ಟೆಯ ಚೀಲ. "ಗಿರೀಶ ಕೊಟ್ಟು ಬಾ ಅಂದಾನ್ರೀ" ಅಂದಳು. ನನಗೆ ಅವಳು 'ರೀ' ಅಂದದ್ದು ಆವತ್ತೇ ಮೊದಲು. "ಅವನ ಮೊದಲನೇ ಕೆಲಸ ಇತ್ತು ಅಂತ ನಿಮಗ ಗೊತ್ತಿತ್ತು."

"ಶೈಲಾ, ಒಳಗ ಬಾ. ಕೂತು ಮಾತಾಡೂಣು."

"ಬ್ಯಾಡ್ರಿ. ನಮಗ ಪ್ರಶ್ನೆಗೆ ಉತ್ತರ ಕೊಡಲಿಕ್ಕೆ ಬರೂದಿಲ್ಲ, ನಾವೇನು ಕಾನ್ವೆಂಟಿನೊಳಗ ಕಲತವರಲ್ಲ."

ಚೀಲದಲ್ಲಿ ನಾವು ಕೊಟ್ಟ ತೆಂಗಿನಕಾಯಿ ಇತ್ತು. ವೀಳ್ಯ ವಾಪಸು. ನಮ್ಮ ಅಜ್ಜಿಯ ಕಾಲದಲ್ಲಿ ಎಂದೋ ಯಾರದೋ ಮನೆಗೆ ವೀಳ್ಯ ವಾಪಸು ಬಂದ ಕಥೆಯನ್ನು ದನಿ ತಗ್ಗಿಸಿ ಹೇಳುತ್ತಿದ್ದರು. ಎಜ್‌ವೇರಿನ ನಮ್ಮ ಬಾಗಿಲಿಗೆ ಅದು ಬಂತು. ಅದನ್ನು ಒಡೆಯಲು ಮನಸ್ಸು ಬರಲಿಲ್ಲ, ಬಿಸಾಡುವುದಂತೂ ಸಾಧ್ಯವೇ ಇಲ್ಲ. ಮಾಳಿಗೆಯಲ್ಲಿ ಬಿಸಿನೀರಿನ ಟ್ಯಾಂಕು ಇರುವ ಕಪಾಟಿನಲ್ಲಿ, ಟವೆಲುಗಳ ಹಿಂದೆ, ಬೆಚ್ಚಗಿನ ಜಾಗದಲ್ಲಿ ಇಟ್ಟೆ.

ಆಮೇಲೆ ನಾನು ಫೋನಿನ ಮುಂದೆ ಕೂತೆ. ಇಷ್ಟು ವರ್ಷ ಗ್ಯಾಸಿನವರಿಗೆ, ನಲ್ಲಿಯವರಿಗೆ ಇವರೇ ಮಾತಾಡುತ್ತಿದ್ದರು. ಈಗ ಸಿಸ್ಟರ್ ಕಲಿಸಿದ ಇಂಗ್ಲಿಷು ಹೊರಬಂತು. "ಗುಡ್ ಮಾರ್ನಿಂಗ್, ತೊಂದರೆ ಕೊಡುತ್ತಿಲ್ಲ ತಾನೇ" ಅಂತ ಶುರುಮಾಡಿ, ಯಾವ ಬಿಲ್ಡರಿಗೂ ಬೇಸರವಾಗದ ಹಾಗೆ ಎಲ್ಲವನ್ನೂ ಕೇಳುತ್ತಿದ್ದೆ. ಕೆಲವರು ಅರ್ಧದಲ್ಲೇ ಫೋನ್ ಇಟ್ಟರು. ಒಬ್ಬ, "ಲೇಡಿ, ನಿಮಗೆ ಬಿಲ್ಡರ್ ಬೇಕೋ, ಅಳಿಯ ಬೇಕೋ?" ಅಂದ. ಮೇಧಾ ಸೋಫಾದ ಮೇಲೆ ಬಿದ್ದು ಬಿದ್ದು ನಕ್ಕಳು. "ಅಮ್ಮಾ, ಯು ಆರ್ ಸ್ಕೇರಿ!" ಅಂದಳು. ಆ ಮಾತು ಅವಳು ನನಗೆ ಹೇಳುತ್ತಾಳೆ ಅಂತ ಎಂದೂ ಅಂದುಕೊಂಡಿರಲಿಲ್ಲ.

ಕೊನೆಗೆ ಸಿಕ್ಕವನು ಡೆಕ್ಲನ್. ಐರ್ಲೆಂಡಿನವನು, ಬಿಳಿ ಹುಬ್ಬು, ಸದಾ ಕಿವಿಯ ಹಿಂದೆ ಪೆನ್ಸಿಲ್. ಬಿಲ್ಡರುಗಳ ಸಂಘದ ಸದಸ್ಯನಾಗಿದ್ದ. ಅಷ್ಟಕ್ಕೇ ಬಿಡದೆ ಆ ಸಂಘಕ್ಕೂ ಫೋನ್ ಮಾಡಿದೆ, ಇನ್ಶೂರೆನ್ಸಿನವರಿಗೂ ಮಾಡಿ ಪಾಲಿಸಿ ನಿಜವಾಗಿ ಜೀವಂತ ಇದೆಯಾ ಅಂತ ಕೇಳಿದೆ. ಅವನು ಹಿಂದೆ ಕೆಲಸ ಮಾಡಿದ ಒಂದು ಮನೆಗೆ ಹೋಗಿ, ಆ ಮನೆಯಾಕೆಯ ಜೊತೆ ಚಹಾ ಕುಡಿದು, ಅವರ ಒಳಛಾವಣಿಯ ಮೂಲೆಗಳಲ್ಲಿ ಬಿರುಕು ಇದೆಯಾ ಅಂತ ಕಣ್ಣಿನಲ್ಲೇ ಹುಡುಕಿದೆ. ಡೆಕ್ಲನ್‌ಗೆ ಇದರಿಂದ ಬೇಸರ ಆಗಲಿಲ್ಲ. ಪ್ರಶ್ನೆ ಕೇಳುವವರ ಮನೆಯಲ್ಲಿ ಆಮೇಲೆ ಜಗಳ ಇರುವುದಿಲ್ಲ ಅಂದ. ಆದರೆ ಅವನು ನಿಧಾನಿ. ಇಂಜಿನಿಯರ್ ಬಂದು ಲೆಕ್ಕ ಹಾಕಬೇಕು, ಕೌನ್ಸಿಲ್‌ನ ಇನ್ಸ್‌ಪೆಕ್ಟರಿಗೆ ತಿಳಿಸಬೇಕು, ಅದೆಲ್ಲ ಆಗುವ ತನಕ ಒಂದು ಮೊಳೆ ಕೂಡ ಕೀಳುವುದಿಲ್ಲ ಅಂದ. ಬೇಸಿಗೆ ಹೋಯಿತು. ನಮ್ಮ ಕನ್ನಡ ಮಂದಿ ಸೇರಿದ ಕಡೆ ಶೈಲಾ ಇನ್ನೊಂದು ಮೂಲೆಯಲ್ಲಿ ಕೂತಿರುತ್ತಿದ್ದಳು. ಯಾರೋ ನನ್ನನ್ನು ನೋಡಿ, "ಇವರ ಮನೆಗೆ ಊಟಕ್ಕೆ ಹೋದರೆ ಪಾಸ್‌ಪೋರ್ಟ್ ತಗೊಂಡು ಹೋಗಿ" ಅಂದರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ಅದು ಚುಚ್ಚಿತು.

ಸೌತ್‌ಹಾಲಿಗೆ ಈಗ ಒಬ್ಬಳೇ ಬಸ್ಸು ಬದಲಿಸಿ ಹೋಗುತ್ತಿದ್ದೆ. ಒಂದು ದಿನ ಬ್ರಾಡ್‌ವೇ ಬೀದಿಯ ತರಕಾರಿ ಅಂಗಡಿಯ ಮುಂದೆ ಮೆಂತ್ಯದ ಕಟ್ಟು ತಿರುವಿ ನೋಡುತ್ತಿದ್ದವಳು ತಲೆ ಎತ್ತಿದರೆ ಎದುರಿಗೆ ಶೈಲಾ, ಅವಳ ಕೈಯಲ್ಲೂ ಮೆಂತ್ಯ. "ಗೋಡೆ ಬಿತ್ತೇನ್ರೀ?" ಅಂದಳು. "ಇನ್ನೂ ಇಲ್ಲ" ಅಂದೆ. "ಗಿರೀಶ ಆಗಿದ್ದರ ಇಷ್ಟೊತ್ತಿಗೆ ಮುಗದು ಬಣ್ಣ ಹಚ್ಚಿದ್ದಾ" ಅಂದಳು. ಅದು ನಿಜವೇ. ಗಿರೀಶ ಹೇಗಿದ್ದಾನೆ ಅಂತ ಕೇಳಿದೆ. "ಅದಾನ. ಮತ್ತ ಯಾರದೋ ಕೈಕೆಳಗ ಹೊಂಟಾನ" ಅಂದು ಹಣ ಕೊಟ್ಟು ಹೋದಳು. ನಾನು ಆರಿಸಿದ ಕಟ್ಟನ್ನು ಅಲ್ಲೇ ಬಿಟ್ಟು ಬಂದಿದ್ದೆ, ಎಜ್‌ವೇರಿಗೆ ಬಂದ ಮೇಲೆ ಗೊತ್ತಾಯಿತು.

ಅಕ್ಟೋಬರ್‌ನಲ್ಲಿ ಕೆಲಸ ಶುರುವಾಯಿತು. ಬೇಸಿಗೆ ಪೂರ್ತಿ ಬಾರದ ಮಳೆ ಆಗ ಬಂತು. ಮುಂದಿನ ಕೋಣೆಯಲ್ಲಿ ಒಂದು ಕರೆಂಟ್ ಒಲೆ, ಸ್ನಾನದ ತೊಟ್ಟಿಯಲ್ಲಿ ಪಾತ್ರೆ ತೊಳೆಯುವುದು. ಒಳಗೆ ಒಗ್ಗರಣೆ ಹಾಕಿದರೆ ಹೊಗೆಯ ಅಲಾರಂ ಬಡಿದುಕೊಳ್ಳುತ್ತಿತ್ತು. ಹಾಗಾಗಿ ಹಿತ್ತಲಲ್ಲಿ ಕ್ಯಾಂಪಿಂಗ್ ಸ್ಟೌವ್ ಇಟ್ಟು, ಒಂದು ಕೈಯಲ್ಲಿ ಛತ್ರಿ, ಒಂದು ಕೈಯಲ್ಲಿ ಸೌಟು. ಸಾಸಿವೆ ಚಟಪಟ ಅನ್ನುವ ಹೊತ್ತಿಗೆ ಬೇಲಿಯಾಚೆ ಮಿಸೆಸ್ ಲೆವಿಯ ಕಿಟಕಿ ತೆರೆಯುತ್ತಿತ್ತು. "ಊಟದ ಹೊತ್ತಾಯಿತು ಅಂತ ಗೊತ್ತಾಗಲಿಕ್ಕೆ ನನಗೆ ಗಡಿಯಾರ ಬೇಡ!"

ಮೊದಲ ದಿನ ಡೆಕ್ಲನ್ ಗೋಡೆಯ ಪೂರ್ವದ ತುದಿಯಲ್ಲಿ ನಿಂತು ನನ್ನನ್ನು ಕರೆದ. ಕುಂಕುಮದ ಗುರುತು ತೋರಿಸಿ, "ಇದು ಇಂಜಿನಿಯರ್ ಹಾಕಿದ್ದಾ? ಇಲ್ಲಿ ಮುಟ್ಟಬಾರದು ಅಂತಲಾ?" ಅಂದ.

ನಾನು ಏನು ಹೇಳಲಿ? "ಇಂಜಿನಿಯರಿಗಿಂತ ಮೇಲಿನವರದ್ದು" ಅಂದೆ.

ಅವನು ಹುಬ್ಬು ಏರಿಸಿ ನಕ್ಷೆ ನೋಡಿದ. ಎರಡೂ ತುದಿಗಳಲ್ಲಿ ಒಂದೊಂದು ತುಂಡು ಗೋಡೆ ಉಳಿಯಬೇಕಿತ್ತು, ತೊಲೆ ಕೂರಲಿಕ್ಕೆ. ಕುಂಕುಮದ ಜಾಗ ಉಳಿಯುವ ತುಂಡಿನಲ್ಲೇ ಇತ್ತು. "ಮೇಲಿನವರಿಗೂ ಲೆಕ್ಕ ಬರುತ್ತೆ ಹಾಗಾದರೆ" ಅಂದ.

ಕೆಳಗಿನ ಒಳಛಾವಣಿ ಬಿಚ್ಚಿ, ಕಬ್ಬಿಣದ ಆಸರೆ ಕಂಬಗಳನ್ನು ಸಾಲಾಗಿ ನಿಲ್ಲಿಸಿದರು. ಮೇಧಾ ಅಷ್ಟೂ ದಿನ ಮುಂದಿನ ಕೋಣೆಯ ಸೋಫಾದಲ್ಲಿ ಮಲಗಿದಳು. ಗೋಡೆ ಇಳಿದ ಮಧ್ಯಾಹ್ನ ಅವಳನ್ನೂ ಕರೆದು ತೋರಿಸಿದೆ. ಮೇಲಿನ ಗೋಡೆ ಅಷ್ಟೂ ಇಟ್ಟಿಗೆ, ಆ ಕಂಬಗಳ ಮೇಲೆ ಉಸಿರು ಹಿಡಿದು ನಿಂತ ಹಾಗೆ ನಿಂತಿತ್ತು. ಅದರಾಚೆ ಅವಳ ದೀಪದ ಸರ, ಅವಳ ಪುಸ್ತಕ. "ದಟ್ಸ್ ಮೈ ರೂಮ್?" ಅಂತ ಕೇಳಿ ಅವಳು ನನ್ನ ತೋಳು ಹಿಡಿದಳು. ಎಷ್ಟೋ ದಿನದಿಂದ ಹಾಗೆ ಹಿಡಿದಿರಲಿಲ್ಲ. ಇವರು ಆವತ್ತು ಬೇಗ ಬಂದಿದ್ದರು. ಟೈ ಸಡಿಲಿಸುತ್ತಾ ಮೇಲೆ ನೋಡಿದರು, ನನ್ನ ಕಡೆ ನೋಡಿದರು. ತಾವೇ ಹೋಗಿ ಎಲ್ಲರಿಗೂ ಚಹಾ ಮಾಡಿ ತಂದರು. ಮದುವೆಯಾದಾಗಿನಿಂದ ಅದು ಎಷ್ಟನೆಯ ಚಹಾ ಅಂತ ಒಂದೇ ಕೈಯ ಬೆರಳಲ್ಲಿ ಎಣಿಸಿ ಹೇಳಬಹುದು.

ಮರುದಿನ ಬಂದ ತೊಲೆಯನ್ನು ಹೊರಲು ಅಷ್ಟೂ ಜನ ಬೇಕಾದರು. ಕೌನ್ಸಿಲ್‌ನ ಇನ್ಸ್‌ಪೆಕ್ಟರ್ ಬಂದು, ಅದನ್ನು ಮುಚ್ಚುವ ಮೊದಲು ಟಾರ್ಚಿನ ಬೆಳಕು ಬಿಟ್ಟು ಎರಡೂ ತುದಿ ನೋಡಿ ಹೋದರು. ಅದಾದ ಮೇಲೆ ಗಿಲಾವು. ಕರಣೆ ಕುಂಕುಮದ ಹತ್ತಿರ ಬಂದಾಗ ಗಿಲಾವಿನವನು ನಿಂತ. ಡೆಕ್ಲನ್ ಅವನಿಗೂ ಹೇಳಿಟ್ಟಿದ್ದ. ನಾನು, "ಹಚ್ಚಿ" ಅಂದೆ. ಒಂದು ಎಳೆತಕ್ಕೆ ಕೆಂಪು ಮಸುಕಾಯಿತು, ಇನ್ನೊಂದಕ್ಕೆ ಮುಚ್ಚಿತು. ಗಿರೀಶನ ಸುತ್ತಿಗೆಗೆ ಹಚ್ಚಿದ ಅದೇ ಕುಂಕುಮ. ಮನೆ ತುಂಬಾ ಆ ಹಸಿ ವಾಸನೆ.

ಹೊಸ ಒಲೆಯಲ್ಲಿ ಹಾಲು ಉಕ್ಕಿಸಿದೆವು. ಅದು ಇಂಡಕ್ಷನ್ ಒಲೆ. ಹಾಲು ಉಕ್ಕಿ ಅಂಚು ದಾಟಿದ್ದೇ ತಡ, ಪೀಪೀ ಅಂತ ಕೂಗಿ ತಾನೇ ಆರಿಹೋಯಿತು. "ಈ ದೇಶದಲ್ಲಿ ಹಾಲು ಉಕ್ಕೋಕೂ ಪರ್ಮಿಷನ್ ಬೇಕು" ಅಂದರು ಇವರು. ಮಿಸೆಸ್ ಲೆವಿ ಚಪ್ಪಾಳೆ ತಟ್ಟಿದರು. ಎಲ್ಲರೂ ನಕ್ಕರು. ಒಲೆಯ ಮುಂದೆಯೇ ನಿಂತಿದ್ದೆ, ನನಗೂ ಮೊದಲ ಸಲಕ್ಕೇ ಕೇಳಿತು. ಆದರೆ ಕಣ್ಣು ಬಾಗಿಲ ಕಡೆಗಿತ್ತು. ಶೈಲಾಳಿಗೆ ನಾನೇ ಫೋನ್ ಮಾಡಿ ಕರೆದಿದ್ದೆ. ಬರಲಿಲ್ಲ.

ಗಿರೀಶ ಬಂದದ್ದು ಮುಂದಿನ ವಸಂತದಲ್ಲಿ, ಹೇಳದೆ ಕೇಳದೆ. ಬಾಗಿಲಲ್ಲಿ ನಿಂತು, "ತೊಲಿ ನೋಡಿ ಹೋಗಬೇಕಂತ ಬಂದೇನ್ರಿ" ಅಂದ. ತೊಲೆ ಎಲ್ಲಿ ಕಾಣುತ್ತದೆ, ಮುಚ್ಚಿ ಬಣ್ಣ ಹಚ್ಚಿಯಾಗಿತ್ತು. ಕೆಲಸ ನಡೆಯುವಾಗ ಮೇಧಾ ತೆಗೆದ ಫೋಟೋಗಳನ್ನು ತೋರಿಸಿದೆ. ಅವನು ದೊಡ್ಡದು ಮಾಡಿ ಮಾಡಿ ನೋಡಿದ. ಬಹಳ ಹೊತ್ತು ನೋಡಿದ. ತಾನೀಗ ಒಂದು ರಿಜಿಸ್ಟರ್ಡ್ ಕಂಪನಿಯಲ್ಲಿ ಇರುವುದಾಗಿ, ರಾತ್ರಿ ತರಗತಿಗೂ ಹೋಗುವುದಾಗಿ ಹೇಳಿದ. ಆಮೇಲೆ ಫೋನ್ ವಾಪಸು ಕೊಡುತ್ತಾ, "ನಾ ಹೇಳಿದ್ದ ತೊಲಿ ಸಾಲತಿರಲಿಲ್ರಿ" ಅಂದ. ಅಷ್ಟೇ.

ನಾನು ಮೇಲೆ ಹೋಗಿ ಟವೆಲುಗಳ ಹಿಂದಿನಿಂದ ತೆಂಗಿನಕಾಯಿ ತಂದೆ. ಅಲುಗಿಸಿದರೆ ನೀರಿನ ಸದ್ದಿಲ್ಲ. ಒಳಗೆ ಕೊಬ್ಬರಿ ಒಣಗಿ ಗಿಟಕಾಗಿ ಲಟಲಟ ಅನ್ನುತ್ತಿತ್ತು. "ಒಡದು ಕೊಡಪಾ. ನನ್ನ ಕೈಲೆ ಆಗೂದಿಲ್ಲ."

ಅವನು ಅದನ್ನು ತಿರುವಿ ನೋಡಿದ. ಗುರುತು ಹತ್ತಿತು. "ಕೆಟ್ಟಿರತದ್ರಿ ಅಕ್ಕಾರ."

"ಕೆಟ್ಟಿದ್ದರ ಚೆಲ್ಲೂಣು. ಒಡೀ ಮೊದಲು."

ಹಿತ್ತಲ ಮೆಟ್ಟಿಲ ಮೇಲೆ ಕೂತು ಒಡೆದ. ಕೊಬ್ಬರಿ ಬೆಳ್ಳಗಿತ್ತು. ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿ ಚಟ್ನಿ ಪುಡಿ ಕುಟ್ಟಿದೆ. ಅವನು ನಾಲ್ಕು ರೊಟ್ಟಿ ತಿಂದ. ಉಳಿದ ಪುಡಿಯನ್ನು ಡಬ್ಬಿಗೆ ತುಂಬಿ ಶೈಲಾಳಿಗೆ ಕೊಟ್ಟು ಕಳಿಸಿದೆ. ಖಾಲಿ ಡಬ್ಬಿ ವಾಪಸು ಬರಲು ಎರಡು ತಿಂಗಳು ಹಿಡಿಯಿತು. ಬರುವಾಗ ಖಾಲಿ ಬರಲಿಲ್ಲ, ಅದರೊಳಗೆ ಬೆಳಗಾವಿಯ ಕುಂದಾ ಇತ್ತು. ಚೀಟಿ ಇರಲಿಲ್ಲ, ಫೋನೂ ಬರಲಿಲ್ಲ. ಸೌತ್‌ಹಾಲಿಗೆ ಮತ್ತೆ ಒಟ್ಟಿಗೆ ಹೋಗಲು ಇನ್ನೂ ಒಂದು ವರ್ಷ ಬೇಕಾಯಿತು. ಈಗಲೂ ಕಾರಿನಲ್ಲಿ ಒಮ್ಮೊಮ್ಮೆ ಮೊದಲು ಇರದಿದ್ದ ಮೌನ ಬರುತ್ತದೆ. ಇಬ್ಬರೂ ಆಗ ಹೊರಗೆ ನೋಡುತ್ತೇವೆ.

ಮೊನ್ನೆ ಶನಿವಾರದ ಗಿಲಾವಿನ ವಾಸನೆ ಶೈಲಾಳ ಹಿಂದಿನ ಕೋಣೆಯದು. ಅದು ಮುಗಿದಿದೆ. ಇನ್ನು ಅವಳ ಅಡುಗೆಮನೆಯ ಗೋಡೆ. ಮಾಡುವವನು ಗಿರೀಶ, ಈಗ ಅವನ ಸ್ವಂತ ಹೆಸರಿನಲ್ಲಿ. ಕುಂಕುಮ ಹಚ್ಚಲಿಕ್ಕೆ ನೀವೇ ಬರಬೇಕು ಅಂತ ಅವನೇ ಫೋನ್ ಮಾಡಿದ್ದ.

ನಾನು ಹೊಸ ತೆಂಗಿನಕಾಯಿ, ಎಲೆ, ಅಡಿಕೆ ಒಯ್ದಿದ್ದೆ. ಗಿರೀಶ ಬೂಟು ಬಿಚ್ಚಿ ಬರಿಗಾಲಲ್ಲಿ ನಿಂತಿದ್ದ. ಅರಿಶಿನ ಕಲೆಸಿ ಬೆರಳು ಅದ್ದಿದೆನೋ ಇಲ್ಲವೋ, ಅವನು ಕೈ ಅ‌ಡ್ಡ ಹಿಡಿದ. ಮೇಜಿನ ಮೇಲಿದ್ದ ಒಂದು ಕಡತ ತಂದು ನನ್ನ ಮುಂದೆ ಇಟ್ಟ. ಇಂಜಿನಿಯರಿನ ಲೆಕ್ಕ, ಕೌನ್ಸಿಲ್‌ನ ಪತ್ರ, ಇನ್ಶೂರೆನ್ಸ್.

"ಮೊದಲ ಇದನ್ನ ನೋಡ್ರಿ ಅಕ್ಕಾರ. ಆಮ್ಯಾಲ ಕುಂಕುಮ ಹಚ್ಚೂರಂತ."

"ಅಯ್ಯ, ನೀ ಮಾಡೀ ಅಂದ ಮ್ಯಾಲ..." ಅಂತ ಶುರುಮಾಡಿದವಳು ನಡುವೆಯೇ ನಿಂತೆ. ಒಲೆಯ ಹತ್ತಿರ ಶೈಲಾ ಚಹಾ ಸೋಸುತ್ತಿದ್ದಳು. ತಿರುಗಿ ನೋಡದೆ, "ಓದು, ಓದು. ಕಾನ್ವೆಂಟಿನೊಳಗ ಕಲತೀ, ಪುಕ್ಕಟೆ ಹೋಗಬಾರದು ಅದು" ಅಂದಳು.

ಅರಿಶಿನದ ಬೆರಳನ್ನು ಒರೆಸಿಕೊಂಡೆ. ಕನ್ನಡಕ ಹಾಕಿಕೊಂಡು ಕೂತು, ಮೊದಲ ಹಾಳೆಯಿಂದ ಕೊನೆಯ ಹಾಳೆಯ ತನಕ ಒಂದು ಸಾಲೂ ಬಿಡದೆ ಓದಿದೆ. ಚಹಾ ಆರಿತು. ಯಾರೂ ಅವಸರ ಮಾಡಲಿಲ್ಲ.